ದ್ರಾಕ್ಷಿ ಪೆಟ್ಟಿಗೆಯಲ್ಲಿ ಹೋದ ಗೆಲಾಕ್ಸಿಗಳು

ಜುಗೂಳ
೧೨ ಮಾರ್ಚ್ ೧೯೯೬

ಪ್ರೀತಿಯ ತಂಗಿ ಅಕ್ಕುತಾಯಿಗೆ,

ಅಣ್ಣ ರಾವಸಾಹೇಬನ ಆಶೀರ್ವಾದ. ನಾವಿಲ್ಲಿ ಆರಾಮ, ನೀನೂ ನಿಪ್ಪಾಣಿಯಲ್ಲಿ ಆರಾಮಿದ್ದೀ ಎಂದುಕೊಂಡಿದ್ದೇನೆ. ನಾಲ್ಕು ವರ್ಷ ಒಂದು ಸಾಲೂ ಬರೆಯದವನು ಈಗ ಕೆಲಸದ ನೆಪ ಹೇಳಿದರೆ ನೀನು ನಗುತ್ತೀ. ಬರೆಯಲು ಮುಖ ಇರಲಿಲ್ಲ, ಅಷ್ಟೇ. ಈ ಸಲ ದ್ರಾಕ್ಷಿ ಚೆನ್ನಾಗಿ ಬಂದಿದೆ. ನನ್ನ ಮನೆಯಾಕೆ, ನಿನ್ನ ವೈನಿ ಗಿರಿಜವ್ವ ಮೊಣಕಾಲು ನೋವೆಂದು ದಿನವಿಡೀ ಗೊಣಗುತ್ತಾಳೆ, ಆದರೆ ತೋಟದಲ್ಲಿ ನನಗಿಂತ ಮುಂದಿರುತ್ತಾಳೆ.

ಹೋದ ತಿಂಗಳು ಕಾಗವಾಡದ ಸಾಲೆಗೆ ನೀನು ನಕ್ಷತ್ರಗಳ ಬಗ್ಗೆ ಭಾಷಣ ಮಾಡಲು ಬಂದಿದ್ದೆ. ನಾನು ಕಿಟಕಿಯ ಹೊರಗೆ ನಿಂತು ಕೇಳಿದೆ. ಒಳಗೆ ಬರುವ ಧೈರ್ಯ ಆಗಲಿಲ್ಲ. "ತತ್ತಿ ಆಕಾರದ ಆ ದೊಡ್ಡ ಗೆಲಾಕ್ಸಿ ಒಮ್ಮೆಲೇ ಅಷ್ಟ ದೊಡ್ಡವಾದುವೋ, ಇಲ್ಲಾ ಸಣ್ಣವು ಡಿಕ್ಕಿ ಹೊಡದು, ಕೋಟಿಗಟ್ಟಲೆ ವರ್ಷ ಕೂಡಿ ಕೂಡಿ ಆದುವೋ, ಇದರ ಮ್ಯಾಲ ಇನ್ನೂ ಜಗಳ ನಡದೈತಿ" ಎಂದು ನೀನು ಹೇಳಿದೆ. ಅವುಗಳಲ್ಲಿ ಹೊಸ ನಕ್ಷತ್ರ ಹುಟ್ಟುವುದು ಹೆಚ್ಚುಕಡಿಮೆ ನಿಂತೇಹೋಗಿದೆಯಂತೆ. ಹುಟ್ಟಲು ಬೇಕಾದ ತಣ್ಣನೆಯ ಅನಿಲ ಎಂದೋ ತೀರಿದೆಯಂತೆ. ಉಳಿದವು ಮುದಿ ಕೆಂಪು ನಕ್ಷತ್ರಗಳು. ಒಬ್ಬ ಹುಡುಗಿ ಎದ್ದು, "ಮತ್ತ ದೊಡ್ಡದರಾಗ ಕೂಡಿದ ಸಣ್ಣವು ಏನಾಗ್ತಾವ್ರಿ?" ಎಂದು ಕೇಳಿದಳು.

"ಗುರುತು ಉಳಿತೈತಿ ಯವ್ವಾ. ದೊಡ್ಡದರ ಸುತ್ತ ಭಾಳ ಮಸುಕಾದ ಬೆಳಕಿನ ಪದರ ಇರತಾವ. ಲಕ್ಷ್ಯ ಕೊಟ್ಟು ಹುಡುಕಬೇಕು. ಒಂದ ಕಾಲಕ್ಕ ನಾನೂ ಹುಡುಕ್ತಿದ್ದೆ." ಅಷ್ಟು ಹೇಳಿ ನೀನು ಹಲಗೆ ಒರೆಸತೊಡಗಿದೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಪುಣೆಯಲ್ಲಿ ಸಂಶೋಧನೆ ಮಾಡುವಾಗ ನೀನು ಮನೆಗೆ ತಂದಿದ್ದ ಕಾಗದದ ಕಟ್ಟು ಕಣ್ಣ ಮುಂದೆ ಬಂತು. ಅಂಚಿಗೆ ಸಾಲಾಗಿ ತೂತು, ಮೈತುಂಬ ಕಂಪ್ಯೂಟರಿನ ಅಂಕಿ, ಪಕ್ಕದಲ್ಲಿ ನಿನ್ನ ಪೆನ್ಸಿಲ್ ಬರಹ. ಯಾವ ಯಾವ ಗೆಲಾಕ್ಸಿಯ ಸುತ್ತ ಆ ಪದರ ಇದೆ ಎಂದು ಮೂರು ವರ್ಷ ನೋಡಿ ಬರೆದದ್ದು. ಆ ಜಗಳಕ್ಕೆ ನೀನು ಕೊಡಲಿದ್ದ ಉತ್ತರ ಅದರಲ್ಲಿತ್ತು, ಎರಡನೇ ಪ್ರತಿ ಇರಲಿಲ್ಲ. ನಾವು ದ್ರಾಕ್ಷಿಯವರು ಕಾಗದ ನೋಡುವ ಕಣ್ಣೇ ಬೇರೆ. ಅಗಲ ಇದೆಯೇ, ಪೆಟ್ಟಿಗೆಗೆ ಹಾಸಿದರೆ ಗೊಂಚಲು ಜಜ್ಜದೆ ಮಿರಜ ಮುಟ್ಟುತ್ತದೆಯೇ, ಅಷ್ಟೇ ನೋಡುತ್ತೇವೆ. ಅಂದು ನೀನು ಸಂಜೆ ಮನೆಗೆ ಬರುವಷ್ಟರಲ್ಲಿ ನಿನ್ನ ಹಾಳೆ ಹಾಸಿದ ಪೆಟ್ಟಿಗೆಗಳು ಹೋಗಿಬಿಟ್ಟಿದ್ದವು. ಪ್ಯಾಕಿಂಗ್ ಮಾಡುತ್ತಿದ್ದ ಹೊಳೆವ್ವ ರದ್ದಿ ಎಂದು ತಿಳಿದು ಹಾಸಿದಳು ಎಂದು ನಾನು ಹೇಳಿದೆ.

ನೀನು ಅಳಲಿಲ್ಲ. ಮರುದಿನ ಮಿರಜ ಪೇಟೆಗೆ ಹೋಗಿ, ಖಾಲಿ ಪೆಟ್ಟಿಗೆಗಳನ್ನೆಲ್ಲ ತಡಕಾಡಿ, ರಸಕ್ಕೆ ಅಂಟಿಕೊಂಡಿದ್ದ ಏಳು ಹಾಳೆ ತಂದೆ. ಮತ್ತೆ ಮೊದಲಿನಿಂದ ಮಾಡುವಷ್ಟರಲ್ಲಿ ಶಿಷ್ಯವೇತನ ಮುಗಿಯಿತು. ನೀನು ನಿಪ್ಪಾಣಿಯಲ್ಲಿ ಪಾಠ ಹೇಳಲು ಸೇರಿದೆ. ನಾನು ನಿನ್ನ ಬದುಕು ಕೆಡಿಸಿದೆ, ತಂಗಿ. ಇದನ್ನು ಯಾವ ಮಾತಿನಿಂದಲೂ ಸಣ್ಣದು ಮಾಡಲಾರೆ.

ಬೇಸಿಗೆ ಸೂಟಿಗೆ ಬಾ ಎಂದು ಕರೆಯುವ ಹಕ್ಕು ನನಗಿಲ್ಲ. ಆದರೂ ವೈನಿ ನಿನ್ನ ದಾರಿ ಕಾಯುತ್ತಾಳೆ. ಎಲ್ಲಿದ್ದರೂ ತಣ್ಣಗಿರು, ನೂರು ವರ್ಷ ಬಾಳು.

ನಿನ್ನ ಅಣ್ಣ,
ರಾವಸಾಹೇಬ

ತಾ.ಕ.: ಮೇಲೆ ಬರೆಯಲು ಕೈ ಏಳಲಿಲ್ಲ. ಹೊಳೆವ್ವ ರದ್ದಿ ಎಂದು ತಿಳಿದಿರಲಿಲ್ಲ. "ಬ್ಯಾಡ್ರಿ ಸಾವಕಾರ, ಅಕ್ಕುತಾಯಾರದು ಐತಿ, ಕೈಲೆ ಬರದಾರ ನೋಡ್ರಿ" ಎಂದು ಅವಳು ಕೈ ಹಿಂದೆ ತೆಗೆದಳು. ಅಂದು ಬೆಳಿಗ್ಗೆ ನಾನು ನೋಡಿದ್ದ ಸತ್ತಿ ಊರಿನ ವರನನ್ನು ನೀನು ಒಲ್ಲೆ ಎಂದಿದ್ದೆ. ಆ ಸಿಟ್ಟಿಗೆ ನಾನೇ ಕಟ್ಟು ಬಿಚ್ಚಿ ಒಂದೊಂದೇ ಹಾಳೆ ಹಾಸಿದೆ. ನಿನ್ನೆದುರು ಅವಳನ್ನು ಕೆಲಸದಿಂದ ತೆಗೆದಾಗಲೂ ಅವಳು ನನ್ನ ಹೆಸರು ಹೇಳಲಿಲ್ಲ. ಹೋದ ವಾರ ತೀರಿಕೊಂಡಳು. "ಅಕ್ಕುತಾಯಾರು ನನ್ನ ಮತ್ತ ಮಾತಾಡ್ಸಲೇ ಇಲ್ಲ" ಎಂದು ಕಡೆಯವರೆಗೂ ಅನ್ನುತ್ತಿದ್ದಳೆಂದು ಅವಳ ಮಗಳು ನನಗೇ ಹೇಳಿದಳು.