ಏಳನೆಯ ಟೇಪು

ಭಾನುವಾರ, ಫೆಬ್ರವರಿ ೧೬

ನನ್ನ ಪುಟ್ಟಿಗೆ,

ಅಪ್ಪನ ಆಶೀರ್ವಾದ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೈಯಬೇಡ. ವಾರದಿಂದ ಮನೆಯಲ್ಲಿ ಇಬ್ಬರು ಠಿಕಾಣಿ ಹೂಡಿದ್ದಾರೆ. ಒಬ್ಬರು ರೆಕಾರ್ಡ್ ಕಂಪನಿಯ ಯಜಮಾನರು, ಇನ್ನೊಬ್ಬರು ವಿಮರ್ಶಕರು. ನನ್ನ ಸ್ಯಾಕ್ಸೊಫೋನಿನ ಹಳೆಯ ಟೇಪುಗಳಲ್ಲಿ ಏಳನ್ನು ಆರಿಸಿ, ‘ಸಂಗ್ರಾಹಕರ ಬಳಿ ಇರಲೇಬೇಕಾದವು’ ಎಂದು ಪೆಟ್ಟಿಗೆ ಕಟ್ಟಿ ಮಾರುತ್ತಾರಂತೆ. ಲಂಗುಲಗಾಮಿಲ್ಲದ ನನ್ನ ಜಾಝ್ ಶುರುವಾದರೆ ಕಿಟಕಿ ಮುಚ್ಚುತ್ತಿದ್ದ ಪಕ್ಕದ ಮನೆಯವರು, ಬಾಗಿಲಲ್ಲಿ ನಿಂತ ಕಾರು ನೋಡಿ ಈಗ ನಮಸ್ಕಾರ ಹೇಳುತ್ತಿದ್ದಾರೆ.

ವಿಮರ್ಶಕರು ಕಣ್ಣು ಮುಚ್ಚಿಕೊಂಡೇ ಕೇಳುವವರು. ನಿದ್ದೆ ಹತ್ತಿತೇನೋ ಎಂದು ಮೊದಲ ದಿನ ಹೊದಿಕೆ ತಂದೆ. ನಾನು ತಿಂಗಳುಗಟ್ಟಲೆ ಬೆವರು ಸುರಿಸಿ ನುಡಿಸಿದ ಆರನ್ನೂ ಕೇಳಿ, ಪರವಾಗಿಲ್ಲ ಎಂದರು. ಬೀರುವಿನ ಮೇಲಿದ್ದ, ಹೆಸರು ಬರೆಯದ ಟೇಪು ಹಾಕಿದಾಗ ಮಾತ್ರ ಎದ್ದೇ ನಿಂತರು. ಬಾತುಕೋಳಿಯ ಕತ್ತು ಹಿಸುಕಿದಂಥ ಸದ್ದು, ಧಡಾರನೆ ಏನೋ ಬಿದ್ದದ್ದು, ಬಹಳ ಹೊತ್ತು ಮೌನ, ಮತ್ತೆ ಬಾತುಕೋಳಿ.

“ಇದೇ ಶಿಖರ ಸರ್. ಕಲಿತಿದ್ದನ್ನೆಲ್ಲ ಇಲ್ಲಿ ಮರೆತುಬಿಟ್ಟಿದೀರಿ,” ಎಂದರು.

ಮರೆಯುವುದಕ್ಕೆ ಕಲಿತಿದ್ದರೆ ತಾನೇ? ಅದು ನೀನು, ಪುಟ್ಟಿ. ಆಗ ನಿನಗೆ ಆರು ವರ್ಷ. ನಾನು ರೆಕಾರ್ಡರ್ ಆನ್ ಮಾಡಿಟ್ಟು ಟೀ ಮಾಡಿಕೊಳ್ಳಲು ಒಳಗೆ ಹೋಗಿದ್ದೆ. ನೀನು ಸ್ಟೂಲು ಹತ್ತಿ ಊದಿದೆ, ಸ್ಟೂಲಿನ ಸಮೇತ ಬಿದ್ದೆ, ಅತ್ತರೆ ಸಿಕ್ಕಿಬೀಳುತ್ತೇನೆಂದು ಬಾಯಿ ಬಿಗಿಹಿಡಿದು ಕೂತೆ, ಆಮೇಲೆ ಮತ್ತೆ ಊದಿದೆ.

ವಿಮರ್ಶಕರು ಎದ್ದು ನಿಂತ ದಿನ ನಾನು ತುಟಿ ಪಿಟಕ್ಕೆನ್ನಲಿಲ್ಲ. ಮರುದಿನ ಮನಸ್ಸು ತಡೆಯದೆ ನಿಜ ಹೇಳಿದೆ. ವಿಮರ್ಶಕರು ನನ್ನ ಕೈ ಹಿಡಿದುಕೊಂಡು, ದೊಡ್ಡವರು ಯಾವತ್ತೂ ತಮ್ಮೊಳಗಿನ ಮಗುವಿಗೇ ಹಿರಿಮೆ ಕೊಡುತ್ತಾರೆ ಎಂದು ಕಣ್ಣೊರೆಸಿಕೊಂಡರು. ಒಳಗಿನ ಮಗುವಲ್ಲ ಸ್ವಾಮಿ, ಹೊರಗಿನದು, ಈಗ ಹಲ್ಲಿನ ಡಾಕ್ಟರು ಎಂದರೂ ಕೇಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ನೀನು ಅಳು ನುಂಗಿಕೊಂಡು ಕೂತ ಆ ಮೌನದ ಮೇಲೆಯೇ, ಪೆಟ್ಟಿಗೆಯ ಜೊತೆ ಕೊಡುವ ಪುಸ್ತಿಕೆಗೆ ಎರಡು ಪುಟ ಬರೆದಿದ್ದಾರೆ.

ಶುಕ್ರವಾರ ಎಲ್ಲ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ನೀನೇ ಯಜಮಾನರಿಗೆ ಫೋನ್ ಮಾಡು. ಏಳನೆಯದರ ಮೇಲೆ ನಿನ್ನ ಹೆಸರೇ ಇರಬೇಕು. ನಂಬದಿದ್ದರೆ ಬಂದು ಊದಿ ತೋರಿಸು. ಈಗಲೂ ಅಷ್ಟೇ ಕೆಟ್ಟದಾಗಿ ಬರುತ್ತದೆಂಬ ಭರವಸೆ ನನಗಿದೆ. ನಿನ್ನ ರೋಗಿಗಳು ಕೇಳಿ ಓಡಿಹೋದಾರೆಂಬ ಭಯ ಬೇಡ. ಕೊಳ್ಳುವವರು ಅದನ್ನು ಕೇಳುವುದಿಲ್ಲವಂತೆ, ಗಾಜಿನ ಬೀರುವಿನಲ್ಲಿ ಇಡುತ್ತಾರಂತೆ.

ಅಳಿಯನನ್ನು ಕೇಳಿದೆನೆಂದು ಹೇಳು. ಬೇರೆಯವರ ಬಾಯಿ ನೋಡುತ್ತಾ ನಿನ್ನ ಊಟ ಮರೆಯಬೇಡ. ನೂರು ಕಾಲ ಗಟ್ಟಿಯಾಗಿರು ಮಗಳೇ.

ನಿನ್ನ
ಅಪ್ಪ

ತಾ.ಕ.: ಆ ಟೇಪು ಹಾಕಿದ ದಿನವೇ ನಿಜ ಹೇಳದೆ ಯಾಕೆ ಸುಮ್ಮನಿದ್ದೆ ಎಂದು ನೀನು ಕೇಳೇ ಕೇಳುತ್ತೀಯ. ಟೇಪಿನ ಕೊನೆಯಲ್ಲಿ ಯಾರೋ ಚಪ್ಪಾಳೆ ತಟ್ಟಿ, “ಇನ್ನೊಂದ್ಸಲ” ಅನ್ನುತ್ತಾರೆ. ಅದು ನಿಮ್ಮಮ್ಮ. ಬದುಕಿಡೀ ಅವಳೆದುರು ನುಡಿಸಿದೆ. ಕಣ್ಣು ಮುಚ್ಚುವ ತನಕ ಒಂದು ದಿನವೂ ನನಗೆ ಹಾಗೆ ಅಂದವಳಲ್ಲ. ಅದು ನನಗೇ ಅಂದದ್ದು ಎಂದು ಆ ಇಬ್ಬರು ನಂಬಿದ್ದರು. ಒಂದು ದಿನ ನಾನೂ ನಂಬಿಕೊಂಡೆ.