ನೆಲಕ್ಕೆ ಇಳಿದ ಕೋಳಿಗಳು

ಅಜ್ಜಂಪುರ
18-11-1986

ನನ್ನ ಯಜಮಾನರ ಪಾದಗಳಿಗೆ ಮಲ್ಲಿಕಾಂಬಳ ನಮಸ್ಕಾರಗಳು.

ಕೆಮ್ಮು ಹೇಗಿದೆ? ಸಂಜೆಯ ಜ್ವರ ಬಿಟ್ಟಿತೇ? ಹೋದ ಕಾಗದದಲ್ಲಿ ನಿಮ್ಮ ಅಕ್ಷರ ಸಾಲು ತಪ್ಪಿ ಕೆಳಗಿಳಿದಿತ್ತು, ಮಲಗಿಕೊಂಡೇ ಬರೆದಿರೇನೋ. ಆಸ್ಪತ್ರೆಯವರು ಕೊಡುವ ಹಾಲನ್ನು ಪಕ್ಕದ ಮಂಚದವರಿಗೆ ದಾಟಿಸಬೇಡಿ, ನಿಮ್ಮ ಗುಣ ನನಗೆ ಗೊತ್ತು. ಅತ್ತೆ ಚೆನ್ನಾಗಿದ್ದಾರೆ. ನಾನು ಹುಲಿಯಮ್ಮನ ಕೋಳಿ ನೋಡಲು ದೇವನೂರಿಗೆ ಹೋಗಿಬಂದಾಗಲೆಲ್ಲ ಹಿತ್ತಿಲಲ್ಲೇ ತಲೆಗೆ ನೀರು ಹಾಕಿಸಿ ಒಳಗೆ ಬಿಡುತ್ತಿದ್ದರು. "ನಮ್ ವಂಶದಲ್ಲಿ ಯಾರೂ ಕೋಳಿ ಮುಟ್ಟಿರ್ಲಿಲ್ಲ. ಅವ್ನು ಸರ್ಕಾರದ ಕೆಲ್ಸ ಅಂತ ಮುಟ್ಟಿದ, ನಿಂಗೇನೇ ಬಂದಿದ್ದು?" ಅನ್ನುತ್ತಿದ್ದರು. ಈಗ ಅನ್ನುವುದಿಲ್ಲ. ನಾನು ಹೋಗುವುದೇ ನಿಂತಿದೆ.

ಹುಲಿಯಮ್ಮನ ಕೋಳಿಗಳನ್ನು ತಂತಿ ಪಂಜರದಿಂದ ನೆಲಕ್ಕೆ ಇಳಿಸಿದೆವೆಂದು ಬರೆದಿದ್ದೆನಲ್ಲ, ಆಮೇಲಿನದನ್ನು ಬರೆಯದೆ ಮುಚ್ಚಿಟ್ಟಿದ್ದೆ. ಕೋಳಿಗಳನ್ನು ಪಂಜರದಿಂದ ಬಿಡಿಸಿ ಎಂದು ನೀವು ಸೈಕಲ್ ತುಳಿದು ಬೇಡಿಕೊಂಡ ಅಷ್ಟು ಜನ ಮೊಟ್ಟೆ ರೈತರಲ್ಲಿ ಒಪ್ಪಿದವರು ಇಬ್ಬರೇ, ಮೊದಲು ಕೈಹಾಕಿದವಳು ಆಕೆ. ನೀವು ಆಸ್ಪತ್ರೆ ಸೇರಿದ ಮೇಲೆ ನಿಮ್ಮ ನೋಟ್‌ಬುಕ್ ಹಿಡಿದು ನಾನು ಓದುವುದು, ಓದು ಬಾರದ ಆಕೆ ಮಾಡುವುದು. ಕಡಲೆಕಾಯಿ ಸಿಪ್ಪೆ ಹರಡಿದೆವು, ಕೂರಲು ಬಿದಿರು ಕಟ್ಟಿದೆವು. ಕೋಳಿಗಳನ್ನು ಹೊರಗೆ ಬಿಟ್ಟರೆ, ಇಟ್ಟಲ್ಲೇ ನಿಂತವು ನೋಡಿ! ಸುತ್ತ ಇನ್ನೂ ತಂತಿ ಇದೆಯೇನೋ ಅನ್ನುವ ಹಾಗೆ. ಮೂರನೆಯ ದಿನ ಪುಕ್ಕ ಉದುರಿದ ಒಂದು ಮುದಿ ಕೋಳಿ ಕಾಲಿನಿಂದ ಸಿಪ್ಪೆ ಕೆದಕಿ, ಮೈ ಹೊರಳಿಸಿ ಧೂಳೆಬ್ಬಿಸಿತು. ಹುಲಿಯಮ್ಮ ಸೆರಗು ಬಾಯಿಗಿಟ್ಟು ನಕ್ಕಿದ್ದೇ ನಕ್ಕಿದ್ದು. "ತನಗೂ ಕಾಲೈತೆ ಅಂತ ಇವತ್ತು ಗೊತ್ತಾಯ್ತು ಕಣ್ರವ್ವ ಇದಕ್ಕೆ!" ಆ ಹೊತ್ತು ನೀವು ಇರಬೇಕಿತ್ತು.

ಆಮೇಲೆ ಸೈಕ್ಲೋನ್ ಮಳೆ ಹಿಡಿಯಿತು. ನಾಲ್ಕು ದಿನ ಬೀರೂರಿನಿಂದಾಚೆ ಬಸ್ಸೇ ಇಲ್ಲ. ಸಿಪ್ಪೆ ತೊಯ್ದರೆ ತಕ್ಷಣ ತೆಗೆಯಬೇಕು ಎಂದು ನಿಮ್ಮ ಪುಸ್ತಕದಲ್ಲಿತ್ತು, ಪುಸ್ತಕ ನನ್ನ ಹತ್ತಿರ ಇತ್ತು. ನಾನು ಹೋಗುವಷ್ಟರಲ್ಲಿ ಶೆಡ್ಡಿನಲ್ಲಿ ಸಿಪ್ಪೆ ಕೆಸರಾಗಿತ್ತು, ಕೋಳಿಗಳಿಗೆ ರಕ್ತಭೇದಿ ಹತ್ತಿತ್ತು. ದನದಾಸ್ಪತ್ರೆಯ ಕಾಂಪೌಂಡರ್ ಲಕ್ಷ್ಮಣಪ್ಪನವರು ಮಳೆಯಲ್ಲೇ ಬಂದು ನೀರಿಗೆ ಔಷಧಿ ಬೆರೆಸಿದರು. ಪಂಜರದಲ್ಲೇ ಬೆಳೆದ ಕೋಳಿಗೆ ನೆಲದ ರೋಗ ತಡೆಯುವ ಶಕ್ತಿ ಇರುವುದಿಲ್ಲವಂತೆ. ಮುನ್ನೂರರಲ್ಲಿ ಅರ್ಧಕ್ಕೂ ಹೆಚ್ಚು ಹೋದವು. ನಾವಿಬ್ಬರೂ ಬುಟ್ಟಿಯಲ್ಲಿ ಹೊತ್ತು ಹೊಲದ ಬದುವಿನಲ್ಲಿ ಹೂತೆವು. ನನಗೆ ಅಳು ಬಂತು, ಆಕೆ ಅಳಲಿಲ್ಲ. "ಅಯ್ನೋರ್ ತಪ್ಪಲ್ಲ, ನಿಮ್ದೂ ಅಲ್ಲ. ಆದ್ರೆ ಇನ್ನು ಬರ್ಬೇಡಿ ಕಣ್ರವ್ವ" ಎಂದಳು.

ಉಳಿದವನ್ನು ಆಕೆ ತನ್ನ ಕೈಯಾರೆ ಪಂಜರಕ್ಕೆ ಹಾಕಿದಳು. ಆ ಮುದಿ ಕೋಳಿ ಬದುಕಿದೆ. ಪಂಜರದೊಳಗೆ ನಿಂತು ಬರೀ ತಂತಿಯನ್ನು ಕೆದಕುತ್ತಿತ್ತು. ಅದನ್ನು ನೋಡಿ ನಿಲ್ಲಲಾಗದೆ ಬಸ್‌ಸ್ಟಾಂಡಿನವರೆಗೆ ಓಡಿದಂತೆಯೇ ನಡೆದೆ.

ನಿಮಗೆ ಚಿಂತೆ ಕೊಡಬಾರದೆಂದು ಡಾಕ್ಟರು ಹೇಳಿದ್ದರು, ಆದರೂ ಬರೆದೆ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ಇದೇ ವಾಸಿ ಅನ್ನಿಸಿತು. ಶಿವನು ನಿಮ್ಮನ್ನು ಕಾಯಲಿ. ಅತ್ತೆ ಆಶೀರ್ವಾದ ಬರೆ ಎಂದಿದ್ದಾರೆ.

ಇಂತಿ ನಿಮ್ಮ
ಮಲ್ಲಿಕಾಂಬ

ವಿ.ಸೂ.: ಅಂಚೆಗೆ ಹೊರಟಾಗ, ಒಪ್ಪಿದ ಇನ್ನೊಬ್ಬರು, ಚೌಳಹಿರಿಯೂರಿನ ತಿಮ್ಮರಾಯಪ್ಪ, ಬಾಗಿಲಲ್ಲಿ ನಿಂತಿದ್ದರು. ನೆಲಕ್ಕೆ ಸಿಪ್ಪೆ ಹರಡಿಯೇ ಬಂದಿದ್ದಾರೆ. ದೇವನೂರಿನ ಸುದ್ದಿ ಕೇಳಿಯೂ, "ಅಯ್ನೋರು ಹೂಂ ಅಂದ್ರೆ ನಾಳೆನೇ ಇಳಿಸ್ತೀನಿ. ಏನಂತ ಬರ್ದವ್ರೆ?" ಎಂದರು. ನಿಮ್ಮಿಂದ ಹನ್ನೆರಡು ದಿನದಿಂದ ಕಾಗದವೇ ಇಲ್ಲ. ಬೇಡವೆಂದು ಬರೆದಿದ್ದಾರೆ ಅಂದುಬಿಟ್ಟೆ. ಹಾಗೇ ತಿರುಗಿ ಹೋದರು. ಅವರೇನಾದರೂ ನಿಮ್ಮನ್ನು ಕೇಳಿದರೆ ಬೇಡವೆಂದು ಬರೆದದ್ದು ಹೌದೆಂದೇ ಹೇಳಿ, ನನ್ನನ್ನು ಸುಳ್ಳುಗಾತಿ ಮಾಡಬೇಡಿ.