ಎಂಬತ್ತು ಡಿಗ್ರಿಯ ಪ್ರಶ್ನೆ

ಮಾರ್ಚ್ 2, ಬೆಳಗ್ಗೆ 8
ನಮ್ಮ ಚಿಪ್ ಪರೀಕ್ಷೆಯಲ್ಲಿ ಮತ್ತೆ ಪಾಸ್. ನಲವತ್ತು ಗಂಟೆ ಓಡಿಸಿದರೂ ಒಂದು ತಪ್ಪಿಲ್ಲ. ಆದರೂ ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡೇ ಇದ್ದಾರೆ. ಹದಿನೇಳಕ್ಕೆ ಸಮಿತಿಯ ವೋಟು. ಚಿಪ್‌ಗಳು ಒಂದಕ್ಕೊಂದು ಮಾತಾಡುವ ಹೊಸ ವಿಧಾನ ನಮ್ಮದೋ, ಎದುರು ಕಂಪನಿಯದೋ — ಎರಡರಲ್ಲಿ ಒಂದೇ ಎಲ್ಲ ಕಂಪನಿಗಳೂ ಪಾಲಿಸಬೇಕಾದ ಸ್ಟ್ಯಾಂಡರ್ಡ್ ಆಗುವುದು. ಸೋತದ್ದು ಕಸದ ಬುಟ್ಟಿಗೆ. ಎದುರು ಕಂಪನಿಯ ಪರ ಮಾತಾಡುವವಳು ನನ್ನ ತಂಗಿ. ಅವಳ ಏಳು ವರ್ಷದ ಕೆಲಸ ಅದು.

ಮಾರ್ಚ್ 8, ಭಾನುವಾರ
ತಂಗಿ ಊಟಕ್ಕೆ ಬಂದಿದ್ದಳು. ಮನೆಯಲ್ಲಿ ಆಫೀಸಿನ ಮಾತು ಎತ್ತಕೂಡದು, ಅಮ್ಮನ ಕಟ್ಟಪ್ಪಣೆ. ಪಾತ್ರೆ ತೊಳೆಯುವಾಗ ಅವಳೇ ಆ ಅಪ್ಪಣೆ ಮುರಿದಳು.
"ಚಿಪ್ ಬಿಸಿಯಾಗಿ ಎಂಬತ್ತು ಡಿಗ್ರಿ ದಾಟಿದ್ರೆ ನಮ್ದು ತೊದಲತ್ತೆ, ತಪ್ಪು ಬರತ್ತೆ ಅಣ್ಣಾ. ನಿದ್ದೆನೇ ಇಲ್ಲ."
"ತೊದಲಿದ್ರೂ ಮಾತಾಡತ್ತಲ್ಲ. ನಮ್ ಮ್ಯಾನೇಜರ್ ಮಾತೇ ಆಡಲ್ಲ" ಅಂದೆ. ನಕ್ಕಳು. ಎಷ್ಟು ದಿನವಾಗಿತ್ತು ಅವಳು ನಕ್ಕು.

ಮಾರ್ಚ್ 17, ಮಧ್ಯಾಹ್ನ 3
ವೋಟಿಗೆ ಮುಂಚೆ ಪ್ರಶ್ನೆ ಕೇಳುವ ಸರದಿ. ಉತ್ತರದ ಜೊತೆ ಅಳತೆಗಳನ್ನೂ ಅಲ್ಲೇ ಮೇಜಿನ ಮೇಲಿಡಬೇಕು. ನಾಳೆ ತರುತ್ತೇನೆ ಅನ್ನುವಂತಿಲ್ಲ. ಸಮಿತಿಯ ಹೆಚ್ಚಿನವರು ಅವರ ಕಡೆ ವಾಲಿದ್ದರು, ನಾವು ಸೋಲುವುದು ಖಾತ್ರಿಯಾಗಿತ್ತು. ಮ್ಯಾನೇಜರ್ ಮೊಣಕೈಯಿಂದ ತಿವಿದರು — "ಏನಾದ್ರೂ ಕೇಳ್ರೀ!"
ಕೇಳಿಬಿಟ್ಟೆ. ಎಂಬತ್ತು ಡಿಗ್ರಿ ದಾಟಿದರೆ ಎಷ್ಟು ತಪ್ಪು ಬರುತ್ತದೆ?
ತಂಗಿ ಕಾಗದ ತಿರುವಿದಳು. ಮತ್ತೆ ತಿರುವಿದಳು. "ಅದನ್ನ ತಂದಿಲ್ಲ" ಅಂದಳು. ನನ್ನ ಕಡೆ ನೋಡಲಿಲ್ಲ.
ಎರಡು ವೋಟಿನಿಂದ ಗೆದ್ದೆವು. ಎಲ್ಲರೂ ಬೆನ್ನು ತಟ್ಟಿದರು. ಥೂ, ನಾಚಿಕೆಯಾಗುತ್ತಿದೆ.

ಮಾರ್ಚ್ 19
ತಂಗಿ ಫೋನ್ ಎತ್ತುತ್ತಿಲ್ಲ.

ಏಪ್ರಿಲ್ 12, ಭಾನುವಾರ
ಬಂದಳು... ಅಮ್ಮನಿಗೋಸ್ಕರ. ಮೆಟ್ಟಿಲ ಮೇಲೆ ತಡೆದು ತಪ್ಪಾಯಿತು ಅಂದೆ.
"ಮೀಟಿಂಗ್‌ಗೆ ಮೂರು ದಿನ ಮುಂಚೆನೇ ಆ ತೊದಲು ಸರಿಹೋಗಿತ್ತು ಅಣ್ಣಾ. ಅಳತೆನೂ ಇತ್ತು. ತಗೊಂಡು ಹೋಗಿ ಅಂತ ಟೀಮ್‌ನವ್ರು ಅಂದ್ರು. ನಾನೇ ಬೇಡ ಅಂದೆ. ನಾವಾಗೇ ಹುಳುಕು ಯಾಕೆ ತೋರಿಸ್ಬೇಕು, ಹೊರಗಿನವ್ರಿಗೆ ಯಾರಿಗೂ ಗೊತ್ತಿಲ್ವಲ್ಲ ಅಂದೆ."
ಅವಳ ಪಾಲಿಗೆ ನಾನು ಹೊರಗಿನವನಾಗಿರಲಿಲ್ಲ.

ಏಪ್ರಿಲ್ 14, ಸಂಜೆ 6
ಸಮಿತಿಗೆ ಪತ್ರ ಬರೆಯಲು ಕೂತೆ. ನನ್ನ ಪ್ರಶ್ನೆ ನ್ಯಾಯದ್ದಲ್ಲ, ಮತ್ತೆ ವೋಟು ಹಾಕಿಸಿ ಎಂದು. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳೇ ಕೇಳುತ್ತಾರೆ. ಹೇಳಿದರೆ ಅವಳ ಕೆಲಸವೂ ಹೋಗುತ್ತದೆ. ಹರಿದು ಹಾಕಿದೆ.
ಈಗಷ್ಟೇ ಅವಳ ಫೋನ್. "ಯಾರು ಬಾಯಿ ಬಿಟ್ರು ಅಂತ ಇಲ್ಲಿ ವಿಚಾರಣೆ ಮಾಡ್ತಿದಾರೆ. ಗೊತ್ತಿಲ್ಲ ಅಂದಿದೀನಿ. ನೀನೂ ಹಾಗೇ ಅನ್ನು."
ಹೂಂ ಅಂದೆ. ನನ್ನ ಹೆಸರು ಬಾರದಿರಲೆಂದು ಸುಳ್ಳು ಹೇಳಿದ್ದಾಳೆ. ನಾನೋ, ಅವಳಿಗೋಸ್ಕರ ಆ ದಿನ ಒಂದು ನಿಮಿಷ ಸುಮ್ಮನೆ ಕೂರಲು ನನ್ನಿಂದಾಗಲಿಲ್ಲ.